‘ಗೊತ್ತಿಲ್ಲ’ ಅಂದ್ರೆ ‘ಇದೆ’ ಅಂತಲ್ಲ!

ಬಳ್ಳಾರಿಯ ಗೃಹಿಣಿಯೊಬ್ಬರು ಬರೆದಿದ್ದಾರೆ: ‘42ನೇ ವಯಸ್ಸಿಗೆ ನನಗೆ ಸ್ತನ ಕ್ಯಾನ್ಸರ್ ಆಯಿತು. ಈಗ ಆರಾಮಾಗಿದ್ದೇನೆ. ಸಿರುಗುಪ್ಪದ ತವರಿನಲ್ಲಿ ಚಿಕ್ಕಮ್ಮನಿಗೂ ಇತ್ತು. ಡಾಕ್ಟರ್ ಹೇಳಿದರೆಂದು ಜೀನ್ ಟೆಸ್ಟ್ ಮಾಡಿಸಿದೆ. ಬಿಆರ್‌ಸಿಎ-2 ಜೀನ್‌ನಲ್ಲಿ ‘ವಿ.ಯು.ಎಸ್.’ ಅಂತ ಬಂದಿದೆ. ಐತೋ ಇಲ್ಲೋ ಅಂತ ಒಂದು ಮಾತು ಹೇಳೋರಿಲ್ಲ. ಮಗಳಿಗೆ ಕುರುಗೋಡಿನ ಸಂಬಂಧ ಕೂಡಿಬಂದಿದೆ. ಅವಳಿಗೂ ಟೆಸ್ಟ್ ಮಾಡಿಸಲೇ? ಗಂಡಿನ ಕಡೆಯವರಿಗೆ ಏನು ಹೇಳಲಿ?’

ಅಮ್ಮಾ, ಮೊದಲು ಗಾಬರಿ ಬಿಡಿ. ವಿ.ಯು.ಎಸ್. ಅಂದರೆ ‘ಅರ್ಥ ಇನ್ನೂ ಖಚಿತವಾಗದ ಬದಲಾವಣೆ’ ಅಂತ ಅಷ್ಟೇ.

ಅಜ್ಜಿಯ ಅಡುಗೆ ಪುಸ್ತಕ ನೆನಪಿಸಿಕೊಳ್ಳಿ. ‘ಚಿಟಿಕೆ ಉಪ್ಪು’ ಎನ್ನುವಲ್ಲಿ ‘ಚಿಟಕಿ’ ಅಂತಿದ್ದರೆ ಸಾರು ಕೆಡದು. ‘ಸೇರು ಉಪ್ಪು’ ಅಂತಿದ್ದರೆ ಕೆಟ್ಟಿತು! ಆದರೆ ಯಾವತ್ತೂ ಕೇಳದ ಪದವೊಂದಿದ್ದರೆ? ಹತ್ತಾರು ಮನೆಯ ಪುಸ್ತಕ ನೋಡಿದ ಮೇಲಷ್ಟೇ ಅದು ತಪ್ಪೋ ಸರಿಯೋ ತಿಳಿದೀತು. ಜೀನ್‌ಗಳ ಕಥೆಯೂ ಹೀಗೇ. ಭಾರತೀಯರ ಜೀನ್ ಮಾಹಿತಿ ಬಹುಕಾಲ ಕಡಿಮೆಯಿದ್ದುದರಿಂದ ನಮ್ಮವರ ರಿಪೋರ್ಟುಗಳಲ್ಲಿ ಈ ‘ಗೊತ್ತಿಲ್ಲ’ ಹೆಚ್ಚು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮಿದುಳು ಸಂಶೋಧನಾ ಕೇಂದ್ರದ ಮುಂದಾಳತ್ವದ ಜೀನೋಮ್ ಇಂಡಿಯಾ ಯೋಜನೆ ಸುಮಾರು 10 ಸಾವಿರ ಭಾರತೀಯರ ಮಾಹಿತಿಯನ್ನು 2025ರ ಜನವರಿಯಲ್ಲಿ ಸಂಶೋಧಕರಿಗೆ ತೆರೆದಿಟ್ಟಿದೆ.

ಸಮಾಧಾನದ ಮಾತೊಂದಿದೆ. 2018ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಅಧ್ಯಯನವೊಂದರಲ್ಲಿ, ಮುಂದೆ ಅರ್ಥ ಬದಲಾದ ವಿ.ಯು.ಎಸ್.ಗಳಲ್ಲಿ ಶೇ 91ರಷ್ಟು ನಿರಪಾಯದ ಕಡೆಗೇ ಸರಿದವು. ಅಪಾಯದ್ದು ಎಂದು ತಿಳಿದದ್ದು ಶೇ 9ರಷ್ಟು ಮಾತ್ರ.

ಮಗಳ ವಿಷಯ

ಈ ಒಂದು ಬದಲಾವಣೆ ಹುಡುಕಲೆಂದು ಮಗಳಿಗೆ ಟೆಸ್ಟ್ ಬೇಡ. ಅವಳಲ್ಲೂ ಸಿಕ್ಕರೆ ಉತ್ತರ ಮತ್ತದೇ ‘ಗೊತ್ತಿಲ್ಲ’! ಅರ್ಥವಿಲ್ಲದ ರಿಪೋರ್ಟನ್ನು ಅವಳ ಮದುವೆಗೆ ಗಂಟು ಹಾಕಬೇಡಿ. ನಿಮಗೆ ಕ್ಯಾನ್ಸರ್ ಆಗಿ ಗುಣವಾದದ್ದನ್ನು ಮುಚ್ಚಿಡಬೇಕಿಲ್ಲ. ಆದರೆ ಹೇಳುವ ಮುನ್ನ ಮಗಳ ಅಭಿಪ್ರಾಯ ಕೇಳಿ. ಬದುಕು ಅವಳದು.

ಹಾಗಂತ ಮೈಮರೆಯುವುದೂ ಬೇಡ. ತಾಯಿಗೆ 42ಕ್ಕೇ ಕಾಯಿಲೆ ಬಂದಿರುವುದರಿಂದ ಮಗಳ ತಪಾಸಣೆ ಸಾಮಾನ್ಯವಾಗಿ 10 ವರ್ಷ ಮೊದಲೇ, ಅಂದರೆ 32ರ ಸುಮಾರಿಗೆ ಶುರುವಾಗಬೇಕು. ವೈದ್ಯರನ್ನು ಈಗಲೇ ಕೇಳಿಡಿ.

ನೀವು ಮಾಡಬೇಕಾದ್ದು

* ವಿ.ಯು.ಎಸ್. ಒಂದನ್ನೇ ನಂಬಿ ಸ್ತನ, ಅಂಡಾಶಯ ತೆಗೆಸಬೇಡಿ. ಮನೆತನದ ಚರಿತ್ರೆಯೇ ಮುಖ್ಯ.

* ಯಾರಿಗೆ, ಯಾವ ಕ್ಯಾನ್ಸರ್, ಯಾವ ವಯಸ್ಸಿಗೆ ಎಂದು ಬರೆದಿಡಿ. ತಂದೆಯ ಕಡೆಯದೂ ಬೇಕು. ಈ ಜೀನ್ ಅಪ್ಪನಿಂದಲೂ ಬರುತ್ತದೆ.

* ರಿಪೋರ್ಟ್ ಜೋಪಾನ. ಕಿದ್ವಾಯಿಗೋ ಬೇರೆ ಆಸ್ಪತ್ರೆಗೋ ಫಾಲೋಅಪ್‌ಗೆ ಹೋದಾಗ, ವರ್ಷಕ್ಕೋ ಎರಡು ವರ್ಷಕ್ಕೋ ಒಮ್ಮೆ ‘ಇದರ ಅರ್ಥ ಬದಲಾಗಿದೆಯೇ?’ ಎಂದು ಕೇಳಿ.

* ಮೊಬೈಲ್ ನಂಬರ್ ಬದಲಾದರೆ ಲ್ಯಾಬಿಗೆ ತಿಳಿಸಿ.

ಉತ್ತರ ಇವತ್ತಿಲ್ಲ, ನಾಳೆ ಬಂದೀತು. ಅಲ್ಲಿಯವರೆಗೆ ಮಗಳ ಮದುವೆ ಯಾಕೆ ಕಾಯಬೇಕು? ಸಂಭ್ರಮದಿಂದ ಮಾಡಿ.