ಮೆಣಸಿನ ಬೀಜವೂ ಮಡಕೆಯ ತಂಪೂ

ಮೆಣಸಿನಕಾಯಿಯಿಲ್ಲದ ಅಡಿಗೆಮನೆಯನ್ನು ಕನ್ನಡನಾಡಿನಲ್ಲಿ ಕಾಣುವುದು ಕಷ್ಟ. ಆದರೂ ಆ ಗಿಡ ನಮ್ಮ ನೆಲದಲ್ಲಿ ಹುಟ್ಟಿದುದಲ್ಲ. ಅದರ ತವರು ಅಮೆರಿಕ ಖಂಡದ ಉಷ್ಣಪ್ರದೇಶ. ೧೬ನೆಯ ಶತಮಾನದಲ್ಲಿ ಪೋರ್ಚುಗೀಸರ ಹಡಗುಗಳೊಡನೆ ಅದು ನಮ್ಮ ಪಶ್ಚಿಮ ತೀರಕ್ಕೆ ಬಂದಿತು. ಖಾರಕ್ಕೆ ಕರಿಮೆಣಸನ್ನು ಬಳಸುತ್ತಿದ್ದ ನಮ್ಮವರು ಹೊಸ ಕಾಯಿಗೂ ಅದೇ ಹೆಸರನ್ನು ಹೊಂದಿಸಿ ಮೆಣಸಿನಕಾಯಿ ಎಂದರು. ಹೆಸರೂ ನೆಲವೂ ಬದಲಾದುವು. ಬೀಜದ ಸ್ವಭಾವ ಮಾತ್ರ ಬದಲಾಗಲಿಲ್ಲ. ಮೊಳೆಯಬೇಕಾದರೆ ಅದು ಇಂದಿಗೂ ಬೆಚ್ಚನೆಯ ಮಣ್ಣನ್ನೇ ಕೇಳುತ್ತದೆ.

“ಬೀಜವನ್ನು ಕುಂಡದಲ್ಲಿ ಹಾಕಿ ದಿನವೂ ನೀರೆರೆದೆವು, ಹತ್ತು ದಿನವಾದರೂ ಮೊಳಕೆಯ ಸುಳಿವಿಲ್ಲ” ಎಂದು ಹಲವರು ದೂರುವುದುಂಟು. ಬೀಜ ಸತ್ತಿತೆಂದು ಬಗೆದು ಅವರು ಮಣ್ಣನ್ನು ಚೆಲ್ಲಿಬಿಡುತ್ತಾರೆ. ಅನೇಕ ವೇಳೆ ಬೀಜ ಸತ್ತಿರುವುದಿಲ್ಲ, ಚಳಿಯಲ್ಲಿ ಕಾಯುತ್ತಿರುತ್ತದೆ. ಮಣ್ಣಿನ ಉಷ್ಣತೆ ೩೦ ಡಿಗ್ರಿ ಸೆಲ್ಸಿಯಸ್ ಇದ್ದರೆ ಮೊಳಕೆ ಸುಮಾರು ೮ ದಿನಗಳಲ್ಲಿ ಹೊರಬರುತ್ತದೆ. ೨೦ ಡಿಗ್ರಿಯಲ್ಲಿ ಅದಕ್ಕೆ ಹನ್ನೆರಡು ಹದಿಮೂರು ದಿನ ಬೇಕು. ೧೫ ಡಿಗ್ರಿಯಲ್ಲಿ ಸುಮಾರು ೨೫ ದಿನ. ೧೦ ಡಿಗ್ರಿಗಿಳಿದರೆ ಬೀಜ ಮೊಳೆಯುವುದೇ ಇಲ್ಲ.

ನಮ್ಮ ನಾಡು ಅಷ್ಟು ತಣ್ಣಗಿದೆಯೆ ಎಂದು ವಾಚಕರು ಕೇಳಬಹುದು. ಡಿಸೆಂಬರ್, ಜನವರಿಗಳಲ್ಲಿ ಬೆಂಗಳೂರಿನ ರಾತ್ರಿಯ ಉಷ್ಣತೆ ೧೬ ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ. ಅದಕ್ಕಿಂತ ಮುಖ್ಯವಾದ ಸಂಗತಿ ಇನ್ನೊಂದಿದೆ. ಬೇಸಗೆಯಲ್ಲಿ ಕುಡಿಯುವ ನೀರನ್ನು ಮಣ್ಣಿನ ಮಡಕೆಯಲ್ಲಿಡುತ್ತೇವಷ್ಟೆ. ಮಡಕೆಯ ಸೂಕ್ಷ್ಮ ರಂಧ್ರಗಳಿಂದ ಜಿನುಗಿದ ನೀರು ಆವಿಯಾಗುವಾಗ ಒಳಗಿನ ಶಾಖವನ್ನು ಹೀರಿಕೊಂಡು ಹೋಗುತ್ತದೆ. ಒಂದು ಗ್ರಾಂ ನೀರು ಆವಿಯಾಗಲು ಸುಮಾರು ೫೮೦ ಕ್ಯಾಲೊರಿ ಶಾಖ ಬೇಕು. ಇಷ್ಟು ಶಾಖ ಹೋದರೆ ೨೦೦ ಗ್ರಾಂ ನೀರಿನ ಉಷ್ಣತೆ ಸುಮಾರು ಮೂರು ಡಿಗ್ರಿ ಇಳಿಯುತ್ತದೆ. ನೀರನ್ನು ತಂಪಾಗಿಸುವ ಈ ಗುಣವೇ ಬೀಜಕ್ಕೆ ತೊಡಕಾಗುತ್ತದೆ. ನೆನೆದ ಮಣ್ಣಿನ ಕುಂಡ ಒಣಗಾಳಿಗೆ ಒಡ್ಡಿಕೊಂಡು ನೆರಳಿನಲ್ಲಿದ್ದರೆ ಸುತ್ತಣ ಗಾಳಿಗಿಂತಲೂ ತಣ್ಣಗಾಗುತ್ತದೆ. ದಿನವೂ ನೀರೆರೆದಂತೆಲ್ಲ ಬೀಜದ ಹಾಸಿಗೆಯನ್ನು ತಂಪು ಮಾಡಿದಂತಾಗುತ್ತದೆ.

ಪರಿಹಾರ ಸುಲಭ. ಬೀಜವನ್ನು ಅರ್ಧ ಸೆಂಟಿಮೀಟರಿನಷ್ಟು ಆಳದಲ್ಲಿ ಹಾಕಿ, ಒಮ್ಮೆ ನೀರು ಚಿಮುಕಿಸಿ, ಕುಂಡದ ಬಾಯಿಗೆ ಗಾಜಿನ ತುಂಡನ್ನೋ ಪ್ಲಾಸ್ಟಿಕ್ ಹಾಳೆಯನ್ನೋ ಮುಚ್ಚಬೇಕು. ಮೊಳಕೆ ಬರುವವರೆಗೆ ಮಣ್ಣಿನ ಕುಂಡಕ್ಕಿಂತ ಪ್ಲಾಸ್ಟಿಕ್ ಡಬ್ಬಿಯೇ ಲೇಸು. ಅದರ ಗೋಡೆಯಿಂದ ನೀರು ಜಿನುಗುವುದಿಲ್ಲ. ಮುಚ್ಚಿದ ಡಬ್ಬಿಯನ್ನು ಅಡಿಗೆಮನೆಯ ಬೆಚ್ಚನೆಯ ಮೂಲೆಯಲ್ಲಿಡಬೇಕು. ಬಿಸಿಲಿನಲ್ಲಿಟ್ಟರೆ ಒಳಗಿನ ಬಿಸಿ ಮಿತಿಮೀರಿ ಬೀಜ ಬೆಂದುಹೋದೀತು. ಮೊಳಕೆ ಕಂಡ ದಿನವೇ ಮುಚ್ಚಳವನ್ನು ತೆಗೆಯಬೇಕು. ಸಂಶಯವುಳ್ಳವರು ಹತ್ತು ಹತ್ತು ಬೀಜಗಳನ್ನು ಎರಡು ಒದ್ದೆ ಬಟ್ಟೆಗಳಲ್ಲಿ ಮಡಿಸಿ, ಒಂದನ್ನು ಒಲೆಯ ಬಳಿಯಲ್ಲಿಯೂ ಇನ್ನೊಂದನ್ನು ಬಚ್ಚಲಿನ ತಂಪಿನಲ್ಲಿಯೂ ಇಟ್ಟು ನೋಡಬಹುದು. ಬೀಜದಲ್ಲಿ ಜೀವವಿದೆಯೆ ಎಂಬ ಪ್ರಶ್ನೆಗೂ ಇದರಿಂದಲೇ ಉತ್ತರ ದೊರೆಯುತ್ತದೆ.

ಮೊಳೆತ ಸಸಿಗೆ ಒದಗುವ ಎರಡನೆಯ ಕಂಟಕ ಅತಿಯಾದ ನೀರು. ಬೇರೂ ಉಸಿರಾಡುತ್ತದೆ; ಅದಕ್ಕೆ ಆಮ್ಲಜನಕ ಬೇಕು. ಆಮ್ಲಜನಕ ಗಾಳಿಯಲ್ಲಿ ಹರಡುವುದಕ್ಕಿಂತ ಸುಮಾರು ಹತ್ತು ಸಾವಿರ ಪಟ್ಟು ನಿಧಾನವಾಗಿ ನೀರಿನಲ್ಲಿ ಹರಡುತ್ತದೆ. ಮಣ್ಣಿನ ಸಂದುಗಳೆಲ್ಲ ನೀರಿನಿಂದ ತುಂಬಿದರೆ ಬೇರು ಉಸಿರುಕಟ್ಟುತ್ತದೆ. ಅಂಥ ಕೆಸರಿನಲ್ಲಿಯೇ ಕೊಳೆರೋಗದ ಸೂಕ್ಷ್ಮಜೀವಿಗಳೂ ಹೆಚ್ಚುತ್ತವೆ. ನಿನ್ನೆ ನೆಟ್ಟಗಿದ್ದ ಎಳೆಯ ಸಸಿ ಇಂದು ಬುಡ ಕೊಳೆತು ಮಲಗಿರುವುದಕ್ಕೆ ಇದೇ ಕಾರಣ.

ಕುಂಡದ ತಳದಲ್ಲಿ ಜಲ್ಲಿ ಹಾಸಿದರೆ ನೀರು ಬಸಿದುಹೋಗುವುದೆಂಬ ನಂಬಿಕೆಯುಂಟು. ಒಂದು ಸ್ಪಂಜನ್ನು ಪೂರ್ತಿಯಾಗಿ ನೆನೆಸಿ ಅಂಗೈಯ ಮೇಲೆ ಅಡ್ಡವಾಗಿ ಹಿಡಿಯಿರಿ. ತೊಟ್ಟಿಕ್ಕುವುದು ನಿಂತ ಬಳಿಕ ಅದನ್ನು ನೆಟ್ಟಗೆ ನಿಲ್ಲಿಸಿ. ಹಿಂಡದಿದ್ದರೂ ನೀರು ಮತ್ತೆ ತೊಟ್ಟಿಕ್ಕುತ್ತದೆ. ಸಣ್ಣ ಸಂದುಗಳು ಕೇಶಾಕರ್ಷಣದಿಂದ ನೀರನ್ನು ಒಂದು ನಿಯತ ಎತ್ತರದವರೆಗೆ ಹಿಡಿದಿಡಬಲ್ಲವು; ಅದಕ್ಕಿಂತ ಮೇಲಿನದು ಮಾತ್ರ ಇಳಿದುಹೋಗುತ್ತದೆ. ಕುಂಡದಲ್ಲಿಯೂ ಹೀಗೆಯೇ ತಳದ ಒಂದು ಪದರ ಸದಾ ನೆನೆದೇ ಇರುತ್ತದೆ. ಜಲ್ಲಿ ಹಾಕಿದರೆ ಆ ಪದರ ಮಾಯವಾಗದು; ಜಲ್ಲಿಯ ಮೇಲಕ್ಕೆ ಏರಿ ಬೇರಿಗೆ ಇನ್ನಷ್ಟು ಹತ್ತಿರವಾಗುತ್ತದೆ. ಮಣ್ಣಿಗೆ ದಪ್ಪ ಮರಳನ್ನೂ ಚೆನ್ನಾಗಿ ಕಳಿತ ಗೊಬ್ಬರವನ್ನೂ ಬೆರೆಸಿ ಸಂದುಗಳನ್ನು ದೊಡ್ಡದು ಮಾಡುವುದು, ಆಳವಾದ ಕುಂಡವನ್ನು ಆರಿಸುವುದು, ಮೇಲ್ಮಣ್ಣು ಒಣಗಿದ ಮೇಲೆಯೇ ನೀರೆರೆಯುವುದು—ಇವೇ ಸರಿಯಾದ ಉಪಾಯಗಳು.

ಮೂರನೆಯದು ಬೆಳಕು. ಇಲ್ಲಿ ನಮ್ಮ ಕಣ್ಣು ನಂಬತಕ್ಕ ಸಾಕ್ಷಿಯಲ್ಲ. ಮಧ್ಯಾಹ್ನದ ಬಯಲಿನಲ್ಲಿರುವ ಬೆಳಕಿನ ನೂರರಲ್ಲೊಂದು ಪಾಲು ಕೋಣೆಯೊಳಗಿದ್ದರೂ ಕಣ್ಣು ಹೊಂದಿಕೊಂಡು ಸಾಕಷ್ಟು ಬೆಳಕಿದೆಯೆನ್ನುತ್ತದೆ. ಸಸಿ ಮೋಸಹೋಗದು, ಬೆಳಕನ್ನರಸಿ ಕಿಟಕಿಯತ್ತ ಬಾಗಿ, ಕಾಂಡ ಸಣಕಲಾಗಿ ನೀಳವಾಗುತ್ತದೆ. ಮೊಳಕೆ ಬಂದೊಡನೆ ಅದನ್ನು ಹೊರಗಿಟ್ಟು, ಮೊದಲು ಎಳೆಬಿಸಿಲಿಗೂ ಬಳಿಕ ಪೂರ್ಣ ಬಿಸಿಲಿಗೂ ಒಗ್ಗಿಸಬೇಕು. ಐದಾರು ವಾರಗಳಲ್ಲಿ ನಾಲ್ಕಾರು ಎಲೆ ಬಂದಾಗ ಒಂದಡಿಯ ಕುಂಡಕ್ಕೆ ಒಂದರಂತೆ ನೆಡಬಹುದು. ಅಲ್ಲಿಂದ ಎರಡು ಎರಡೂವರೆ ತಿಂಗಳಿಗೆ ಹಸಿಕಾಯಿ ಕೊಯ್ಯಬಹುದು. ಕಡುಬೇಸಗೆಯಲ್ಲಿ ಹಗಲು ೩೫ ಡಿಗ್ರಿ ಮೀರಿ ರಾತ್ರಿಯೂ ಸೆಕೆಯಿದ್ದರೆ ಹೂವು ಉದುರುವುದುಂಟು. ಅದು ಗೊಬ್ಬರದ ಕೊರತೆಯೆಂದು ತಿಳಿಯಬಾರದು.

ಅಂಗಡಿಯಲ್ಲಿ ಸುಲಭವಾಗಿ ದೊರೆಯುವ ಕಾಯಿಗೆ ಇಷ್ಟು ಶ್ರಮವೇಕೆ? ಉತ್ತರ ಬೀಜದಲ್ಲಿಯೇ ಇದೆ. ಹಾವೇರಿ ಜಿಲ್ಲೆಯ ಬ್ಯಾಡಗಿಯ ಹೆಸರು ಹೊತ್ತ, ತೊಗಲು ಸುಕ್ಕುಗಟ್ಟಿದ, ಖಾರ ಕಡಮೆಯಾದರೂ ಬಣ್ಣ ಗಾಢವಾದ ಮೆಣಸಿನಕಾಯಿಗೆ ೨೦೧೧ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ದೊರೆಯಿತು. ಡಬ್ಬಿ, ಕಡ್ಡಿ ಎಂಬ ಅದರ ತಳಿಗಳು ರೈತರು ತಲೆಮಾರುಗಳಿಂದ ಒಳ್ಳೆಯ ಕಾಯಿಗಳನ್ನು ಆರಿಸಿ ಬೀಜಕ್ಕೆಂದು ತೆಗೆದಿಟ್ಟುದರ ಫಲ. ಹೆಚ್ಚು ಇಳುವರಿಯ ಸಂಕರ ತಳಿಗಳು ಈಚಿನ ದಶಕಗಳಲ್ಲಿ ಇಂಥ ಹಳೆಯ ತಳಿಗಳ ಸ್ಥಾನವನ್ನು ಆಕ್ರಮಿಸುತ್ತಿವೆ. ಮೆಂಡಲನು ಬಟಾಣಿ ಗಿಡಗಳಲ್ಲಿ ಕಂಡು ೧೮೬೬ರಲ್ಲಿ ಪ್ರಕಟಿಸಿದ ನಿಯಮದಂತೆ, ಸಂಕರದ ಬೀಜವನ್ನು ಮತ್ತೆ ಬಿತ್ತಿದರೆ ಮುಂದಿನ ಪೀಳಿಗೆಯಲ್ಲಿ ಗುಣಗಳು ಚೆದರಿಹೋಗುತ್ತವೆ. ಹಳೆಯ ತಳಿಯ ಬೀಜವಾದರೋ ವರ್ಷ ವರ್ಷವೂ ತನ್ನಂಥ ಗಿಡವನ್ನೇ ಕೊಡುತ್ತದೆ.

ಬೆಳೆದವರಿಂದಲೇ ಕೇಳಿ ತಂದ ಬೀಜವಾದರೆ ತಳಿಯ ವಿಷಯದಲ್ಲಿ ಸಂದೇಹವಿರದು. ಮೆಣಸಿನ ಹೂವು ತನ್ನ ಪರಾಗದಿಂದಲೇ ಕಾಯಿಗಟ್ಟಬಲ್ಲುದು. ಆದರೆ ಜೇನ್ನೊಣಗಳು ಬೇರೆ ತಳಿಯ ಪರಾಗವನ್ನೂ ತರುತ್ತವೆ. ಆದುದರಿಂದ ಮೊಗ್ಗು ಅರಳುವ ಮೊದಲೇ ತೆಳುಬಟ್ಟೆಯ ಚೀಲ ಕಟ್ಟಿ, ಕಾಯಿ ಕಚ್ಚಿದ ಮೇಲೆ ಚೀಲವನ್ನು ಬಿಚ್ಚಿ ತೊಟ್ಟಿಗೆ ದಾರದ ಗುರುತು ಹಾಕಬೇಕು. ಪೂರ್ಣ ಕೆಂಪಾದ ಕಾಯಿಯಿಂದ ಬೀಜ ತೆಗೆದು ನೆರಳಿನಲ್ಲಿ ಒಣಗಿಸಬೇಕು. ಆಗ ಕೈ ಉರಿಯುವುದು ಬೀಜದ ಖಾರದಿಂದಲ್ಲ. ಬೀಜ ಅಂಟಿಕೊಂಡಿರುವ ಬಿಳಿಯ ತಿರುಳಿನಲ್ಲಿ ತಯಾರಾಗುವ ಕ್ಯಾಪ್ಸೈಸಿನ್ ಎಂಬ ವಸ್ತುವಿನಿಂದ. ಅದು ನೀರಿನಲ್ಲಿ ಕರಗದಾದುದರಿಂದ ಎಣ್ಣೆ ಸವರಿ ಸಾಬೂನಿನಿಂದ ತೊಳೆಯಬೇಕು.

ಒಣಗಿದ ಬೀಜವನ್ನು ಬಿಗಿಮುಚ್ಚಳದ ಸೀಸೆಯಲ್ಲಿ ತಂಪಾದ ಕಡೆ ಇಟ್ಟರೆ ಎರಡು ಮೂರು ವರ್ಷ ಜೀವ ಉಳಿಯುತ್ತದೆ. ಅಷ್ಟರೊಳಗೆ ಯಾರಾದರೂ ಬಿತ್ತಲೇಬೇಕು. ಬಿತ್ತದೆ ಉಳಿದ ತಳಿ ಸೀಸೆಯಲ್ಲಿಯೇ ಮುಗಿಯುತ್ತದೆ. ಅದನ್ನು ಮುಂದಕ್ಕೆ ಸಾಗಿಸಲು ಬೇಕಾದುದು ಬಿಸಿಲು ಬೀಳುವ ಜಗಲಿ, ನಾಲ್ಕು ಕುಂಡ, ಮತ್ತು ಬೀಜ ಮೊಳೆಯುವ ಆ ಮೊದಲ ವಾರಗಳಲ್ಲಿ ಬೆಚ್ಚಗಿರುವ ಒಂದು ಮೂಲೆ.