ಪಂಜರ ಕೊಳ್ಳುವ ಮುನ್ನ ಟ್ರೇ ಎಳೆದು ನೋಡಿ

ಹಕ್ಕಿ ಅಂಗಡಿಗೆ ಪಂಜರ ಕೊಳ್ಳಲು ಹೋದವರು ಮೊದಲು ನೋಡುವುದು ಬಣ್ಣ, ಆಮೇಲೆ ಬೆಲೆ. ಗೋಪುರದಂಥ ಮೇಲ್ಭಾಗ, ಕಂಬಿಗಳ ಮಧ್ಯೆ ಬಳ್ಳಿ-ಹೂವಿನ ಕುಸುರಿ ಇದ್ದರೆ ಮಕ್ಕಳು ಅದನ್ನೇ ಹಿಡಿದು ನಿಲ್ಲುತ್ತಾರೆ. ಅಡಿಯ ಟ್ರೇಯನ್ನು ಎಳೆದು ನೋಡುವವರು ಬಹಳ ಕಡಿಮೆ. ಆದರೆ ಹಕ್ಕಿ ಮನೆಗೆ ಬಂದ ಮೇಲೆ ದಿನಾ ಬೆಳಿಗ್ಗೆ ಕೈ ಹೋಗುವುದು ಆ ಟ್ರೇಗೆ. ಚೆನ್ನಾಗಿ ನೋಡಿಕೊಂಡರೆ ಕಾಕಟೀಲ್ ಹದಿನೈದು ವರ್ಷ ದಾಟಿಯೂ ಬದುಕುತ್ತದೆ, ಆಫ್ರಿಕನ್ ಗ್ರೇ ನಲವತ್ತು ವರ್ಷವನ್ನೂ ದಾಟಬಹುದು. ಅಷ್ಟು ಕಾಲ ದಿನವೂ ಮಾಡಬೇಕಾದ ಕೆಲಸ ಸುಲಭವಾಗಿದ್ದರೆ ಮಾತ್ರ ನಡೆಯುತ್ತದೆ. ಕಷ್ಟವಾದರೆ ದಿನ ಬಿಟ್ಟು ದಿನ ಆಗುತ್ತದೆ, ಆಮೇಲೆ ವಾರಕ್ಕೊಮ್ಮೆ. ಅದರ ಫಲ ಉಣ್ಣುವುದು ಒಳಗಿರುವ ಜೀವ.

ಮುಂದೆ ಹೋಗುವ ಮೊದಲು ಒಂದು ವಿಷಯ ಸ್ಪಷ್ಟವಾಗಿರಲಿ. ನಮ್ಮ ತೋಟಗಳಲ್ಲಿ, ಊರಿನ ಅರಳಿಮರಗಳಲ್ಲಿ ಗುಂಪುಗುಂಪಾಗಿ ಕೂಗುವ ಹಸಿರು ಗಿಳಿಯನ್ನು ಪಂಜರದಲ್ಲಿಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಮರಿಯಿಂದಲೇ ಸಾಕಿದ್ದೇವೆ ಎಂಬ ಮಾತಿಗೆ ಅಲ್ಲಿ ಬೆಲೆಯಿಲ್ಲ. ಇಲ್ಲಿ ಹೇಳುತ್ತಿರುವುದೆಲ್ಲ ಪಂಜರದಲ್ಲೇ ಮೊಟ್ಟೆಯೊಡೆದು ಬೆಳೆದ ವಿದೇಶಿ ಗಿಳಿಗಳ ಬಗ್ಗೆ: ಆಸ್ಟ್ರೇಲಿಯಾ ಮೂಲದ ಬಜ್ರಿಗರ್ ಮತ್ತು ಕಾಕಟೀಲ್, ಆಫ್ರಿಕಾದ ಲವ್‌ಬರ್ಡ್ ಮತ್ತು ಗ್ರೇ, ದಕ್ಷಿಣ ಅಮೆರಿಕದ ಕನ್ಯೂರ್ ಮತ್ತು ಮಕಾವ್. ಗ್ರೇ, ಮಕಾವ್‌ನಂಥವನ್ನು ಸಾಕುವವರು ಕೇಂದ್ರ ಸರ್ಕಾರದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಮಾಡಿಸಬೇಕು.

ಗಿಳಿ ದಿನವಿಡೀ ಗಲೀಜು ಮಾಡುತ್ತದೆ. ಬಜ್ರಿಗರ್‌ನಂಥ ಚಿಕ್ಕ ಹಕ್ಕಿ ಕಾಲು ಗಂಟೆಗೋ ಅರ್ಧ ಗಂಟೆಗೋ ಒಮ್ಮೆ ಹಿಕ್ಕೆ ಹಾಕುತ್ತದೆ. ನವಣೆ ತಿಂದು ಹೊಟ್ಟನ್ನು ಸುತ್ತಲೂ ಚೆಲ್ಲುತ್ತದೆ. ಕಾಕಟೀಲ್ ಮತ್ತು ಗ್ರೇ ಗರಿಗಳಿಂದ ಬಿಳಿ ಪುಡಿಯೂ ಉದುರುತ್ತದೆ. ಇದು ನೋಟಕ್ಕೆ ಚೆನ್ನಾಗಿಲ್ಲ ಎಂಬಷ್ಟಕ್ಕೇ ಮುಗಿಯುವ ಮಾತಲ್ಲ. ಕ್ಲಮೈಡಿಯಾ ಸಿಟಾಸಿ ಎಂಬ ಬ್ಯಾಕ್ಟೀರಿಯಾ ತಗುಲಿದ ಹಕ್ಕಿಯ ಹಿಕ್ಕೆ ಒಣಗಿ ದೂಳಾಗಿ ನಮ್ಮ ಉಸಿರಿಗೆ ಸೇರಿದರೆ ಸಿಟಕೋಸಿಸ್ ಎಂಬ ರೋಗ ಬರುತ್ತದೆ. ಜ್ವರ, ತಲೆನೋವು, ಕೆಮ್ಮಿನಿಂದ ಶುರುವಾಗಿ ನ್ಯುಮೋನಿಯಾಕ್ಕೆ ತಿರುಗಬಹುದು. 1929-30ರಲ್ಲಿ ದಕ್ಷಿಣ ಅಮೆರಿಕದಿಂದ ಮಾರಾಟಕ್ಕೆ ಹೋದ ಗಿಳಿಗಳ ಮೂಲಕ ಇದು ಅಮೆರಿಕ, ಯುರೋಪಿನ ಮನೆಗಳಿಗೆ ಹರಡಿ ಜೀವಗಳನ್ನೂ ತೆಗೆದುಕೊಂಡಿತು. ಇಂದು ಇದಕ್ಕೆ ಆಂಟಿಬಯೋಟಿಕ್ ಚಿಕಿತ್ಸೆ ಇದೆ. ಆದರೂ ಒಣಗಿದ ಹಿಕ್ಕೆಯನ್ನು ಪೊರಕೆಯಲ್ಲಿ ಗುಡಿಸಬಾರದು. ನೀರು ಚಿಮುಕಿಸಿ, ನೆನೆದ ಮೇಲೆ ಒರೆಸಿ ತೆಗೆಯಬೇಕು. ದಿನಾ ತೆಗೆದರೆ ಅದು ಒಣಗಿ ದೂಳಾಗುವುದು ಕಡಿಮೆಯಾಗುತ್ತದೆ.

ಹಾಗಾಗಿ ಮತ್ತೆ ಟ್ರೇಗೇ ಬರೋಣ. ಅಂಗಡಿಯಲ್ಲಿ ನಿಂತು ಅದನ್ನು ಒಂದೇ ಕೈಯಲ್ಲಿ ಎಳೆಯಿರಿ. ಎಲ್ಲೂ ಸಿಕ್ಕಿಕೊಳ್ಳದೆ, ಪಂಜರವನ್ನು ಎತ್ತದೆ ಹೊರಬರಬೇಕು. ಪೂರ್ತಿ ಹೊರಗೆ ತೆಗೆದ ಮೇಲೆ ಬಗ್ಗಿ ನೋಡಿ: ಆ ಸೀಳಿನಿಂದ ಹಕ್ಕಿ ನುಸುಳಿ ಹೋಗಬಹುದೇ? ಟ್ರೇಯ ಮೇಲೆ ಪ್ರತ್ಯೇಕ ಜಾಲರಿ ಇದ್ದರೆ ಆ ಭಯವಿಲ್ಲ. ಹಕ್ಕಿ ಕೆಳಗಿಳಿದು ತನ್ನ ಹಿಕ್ಕೆಯನ್ನೇ ತುಳಿಯುವುದೂ ತಪ್ಪುತ್ತದೆ. ಆದರೆ ಆ ಜಾಲರಿಯೂ ಬೇರೆಯಾಗಿ ಹೊರಬರಬೇಕು. ಕಂಬಿಗಳಿಗೇ ಬೆಸುಗೆ ಹಾಕಿದ ಜಾಲರಿಯಾದರೆ ಅದರ ಮೇಲೆ ಕೂತ ಹಿಕ್ಕೆಯನ್ನು ಹಲ್ಲುಜ್ಜುವ ಬ್ರಷ್ ಹಿಡಿದು ಒಂದೊಂದೇ ಕಂಬಿಯಿಂದ ಉಜ್ಜಬೇಕಾಗುತ್ತದೆ. ಅಗ್ಗದ ಸಣ್ಣ ಪಂಜರಗಳಲ್ಲಿ ಟ್ರೇಯೇ ಇರುವುದಿಲ್ಲ, ಕ್ಲಿಪ್ ಹಾಕಿದ ಪ್ಲಾಸ್ಟಿಕ್ ತಳವೇ ಬಿಚ್ಚಿಕೊಳ್ಳುತ್ತದೆ. ಬಿಚ್ಚಿದ ಕ್ಷಣ ಹಕ್ಕಿ ಫ್ಯಾನಿನ ಕಡೆ ಹಾರಿದರೆ ಏನು ಗತಿ? ಇಂಥದ್ದನ್ನು ಕೊಳ್ಳಲೇಬೇಡಿ.

ಟ್ರೇಗೆ ಹಾಸಲು ದಿನಪತ್ರಿಕೆಗಿಂತ ಒಳ್ಳೆಯದು ಇನ್ನೊಂದಿಲ್ಲ. ಏಳೆಂಟು ಹಾಳೆ ಒಂದರ ಮೇಲೊಂದು ಹಾಸಿ, ದಿನಾ ಮೇಲಿನದನ್ನು ಸುತ್ತಿ ಎಸೆದರೆ ಸಾಕು. ಮರದ ಹೊಟ್ಟು, ಜೋಳದ ದಿಂಡಿನ ಪುಡಿ ಅಂಗಡಿಯಲ್ಲಿ ಚೆಂದವಾಗಿ ಕಾಣಬಹುದು, ಮಳೆಗಾಲದ ತೇವಕ್ಕೆ ಬೂಷ್ಟು ಹಿಡಿಯುತ್ತವೆ. ಬೂಷ್ಟಿನ ಕಣಗಳು ಗಿಳಿಯ ಶ್ವಾಸಕೋಶಕ್ಕೆ ಮಾರಕ. ಕಾಗದದಿಂದ ಇನ್ನೂ ದೊಡ್ಡ ಉಪಕಾರವಿದೆ: ಹಿಕ್ಕೆ ಕಣ್ಣಿಗೆ ಕಾಣುತ್ತದೆ. ಆರೋಗ್ಯವಾಗಿರುವ ಗಿಳಿಯ ಹಿಕ್ಕೆಯಲ್ಲಿ ಹಸಿರೋ ಕಂದೋ ಆದ ಗಟ್ಟಿ ಭಾಗ, ಸುಣ್ಣದಂಥ ಬಿಳಿ ಭಾಗ, ಸುತ್ತ ತಿಳಿನೀರು, ಮೂರೂ ಇರುತ್ತವೆ. ಬಿಳಿ ಭಾಗ ಹಳದಿಗೋ ಹಸಿರಿಗೋ ತಿರುಗಿದರೆ, ಹಿಕ್ಕೆ ಕಡಿಮೆಯಾದರೆ ಪಶುವೈದ್ಯರನ್ನು ಕಾಣಬೇಕು. ಗಿಳಿ ತನ್ನ ಕಾಯಿಲೆಯನ್ನು ಕೊನೆಯವರೆಗೂ ಮುಚ್ಚಿಡುವ ಪ್ರಾಣಿ. ಅದು ಗರಿ ಉಬ್ಬಿಸಿ ಮೂಲೆ ಹಿಡಿಯುವ ಮೊದಲೇ ಟ್ರೇ ಸುದ್ದಿ ಕೊಡುತ್ತದೆ.

ಆಕಾರದಲ್ಲಿ ಆಯತವೇ ಸರಿ. ಗುಂಡನೆಯ ಪಂಜರದ ನೆತ್ತಿಯಲ್ಲಿ ಕಂಬಿಗಳೆಲ್ಲ ಒಂದೆಡೆ ಕೂಡುತ್ತವೆ, ಆ ಸಂದಿಗೆ ಬಟ್ಟೆಯೂ ಹೋಗದು, ಹಕ್ಕಿಯ ಬೆರಳು ಹೋದರೆ ಹೊರಗೆ ಬಾರದು. ಬಳ್ಳಿ-ಹೂವಿನ ಕುಸುರಿಯ ಕತೆಯೂ ಅಷ್ಟೇ. ಕಂಬಿಗಳ ನಡುವಿನ ಅಂತರ ಬಜ್ರಿಗರ್, ಲವ್‌ಬರ್ಡ್‌ಗಳಿಗೆ ಅರ್ಧ ಇಂಚು ಮೀರಬಾರದು, ಗ್ರೇಗೆ ಮುಕ್ಕಾಲಿನಿಂದ ಒಂದು ಇಂಚು ಇರಬಹುದು. ಬಾಗಿಲು ಮೊಣಕೈವರೆಗೆ ತೋಳು ಹೋಗುವಷ್ಟು ಅಗಲವಾಗಿರಲಿ, ಹಿಂದಿನ ಮೂಲೆಗೆ ಬಟ್ಟೆ ಮುಟ್ಟದಿದ್ದರೆ ಆ ಮೂಲೆಯನ್ನು ಎಂದಿಗೂ ತೊಳೆಯಲಾಗುವುದಿಲ್ಲ. ಕಾಳಿನ ಬಟ್ಟಲು, ನೀರಿನ ಬಟ್ಟಲು ಹೊರಗಿನಿಂದಲೇ ತೆಗೆದು ಹಾಕುವಂತಿರಲಿ, ಅವು ಸ್ಟೀಲಿನದೇ ಆಗಿರಲಿ. ಕೂರುವ ಕೋಲನ್ನು ಬಟ್ಟಲಿನ ನೇರ ಮೇಲೆ ಕಟ್ಟಬೇಡಿ. ಸೀಬೆ ಅಥವಾ ಬೇವಿನ ಕೊಂಬೆ ಕಡಿದು ತೊಳೆದು ಕಟ್ಟಿದರೆ ಗಲೀಜಾದಾಗ ಎಸೆದು ಹೊಸದು ಹಾಕಬಹುದು.

ಲೋಹದ ವಿಷಯದಲ್ಲಿ ಮಾತ್ರ ರಾಜಿ ಬೇಡ. ಕಡಿಮೆ ಬೆಲೆಗೆ ಸಿಗುವ ಎಷ್ಟೋ ಪಂಜರಗಳು ಜಿಐ ತಂತಿಯವು, ಅಂದರೆ ಮೇಲೆ ಸತುವಿನ ಲೇಪವಿರುತ್ತದೆ. ಗಿಳಿಗೆ ಕೊಕ್ಕೇ ಮೂರನೆಯ ಕಾಲು. ಕಂಬಿ ಕಚ್ಚಿಕೊಂಡೇ ಹತ್ತುತ್ತದೆ, ಬೇಸರವಾದರೆ ಕಡಿಯುತ್ತದೆ. ಕಿತ್ತುಬಂದ ಸತು ಹೊಟ್ಟೆ ಸೇರಿ ಹಕ್ಕಿಗಳು ಸಾಯುತ್ತವೆ. ಪೌಡರ್ ಕೋಟಿಂಗ್ ಪಂಜರ ಒರೆಸಲು ಸುಲಭ, ಆದರೆ ಬಣ್ಣ ಚಕ್ಕೆ ಏಳಲು ಶುರುವಾದ ದಿನ ಅದರ ಆಯುಸ್ಸು ಮುಗಿಯಿತು. ಸ್ಟೇನ್‌ಲೆಸ್ ಸ್ಟೀಲ್ ದುಬಾರಿ, ನಿಜ. ಆದರೆ ನುಣುಪು ಮೈಗೆ ಹಿಕ್ಕೆ ಅಂಟಿ ಕೂರುವುದಿಲ್ಲ, ಎಷ್ಟು ಸಲ ಉಜ್ಜಿದರೂ ಸವೆಯುವುದಿಲ್ಲ. ಎರಡು ಸಲ ಅಗ್ಗದ್ದು ಕೊಳ್ಳುವ ಬದಲು ಕಾದು ಒಂದು ಸಲ ಸ್ಟೀಲಿನದು ಕೊಳ್ಳುವುದೇ ಮೇಲು. ಮರದ, ಬಿದಿರಿನ ಪಂಜರ ಹಸಿಯನ್ನು ಹೀರಿಕೊಳ್ಳುತ್ತದೆ, ಗಿಳಿಗೆ ಅದು ಆಗದು.

ತೊಳೆಯಲು ಪಾತ್ರೆ ತೊಳೆಯುವ ಸೋಪು, ಬಿಸಿನೀರು ಸಾಕು. ಬೋರ್‌ವೆಲ್ ನೀರಿನ ಗಡಸಿನಿಂದ ಕಂಬಿಗೆ ಹತ್ತುವ ಬಿಳಿಪದರ ವಿನೆಗರ್‌ಗೆ ಬಿಡುತ್ತದೆ. ಫಿನಾಯಿಲ್, ಆ್ಯಸಿಡ್, ಘಮಘಮಿಸುವ ಸ್ಪ್ರೇ ಯಾವುದೂ ಪಂಜರದ ಹತ್ತಿರ ಸುಳಿಯಬಾರದು. ಹಕ್ಕಿಯ ಶ್ವಾಸಕೋಶ, ಗಾಳಿಚೀಲಗಳ ರಚನೆ ನಮ್ಮದಕ್ಕಿಂತ ಬೇರೆ, ಗಾಳಿಯಲ್ಲಿರುವ ವಿಷ ಬೇಗ ರಕ್ತಕ್ಕೆ ಸೇರುತ್ತದೆ. ಅತಿಯಾಗಿ ಕಾದ ನಾನ್‌ಸ್ಟಿಕ್ ತವೆಯ ಹೊಗೆಯಿಂದಲೇ ಗಿಳಿಗಳು ಸತ್ತುಬೀಳುತ್ತವೆ, ಆದ್ದರಿಂದ ಪಂಜರ ಅಡುಗೆಮನೆಯಿಂದ ದೂರವಿರಲಿ. ಇರುವೆ ಬಂದರೆ ಕೀಟನಾಶಕದ ಸೀಮೆಸುಣ್ಣ ಗೀಚಬೇಡಿ. ಸ್ಟ್ಯಾಂಡಿನ ಕಾಲುಗಳನ್ನು ನೀರಿನ ಬಟ್ಟಲಲ್ಲಿಡಿ, ಅಜ್ಜಿಯರು ಹಾಲಿನ ಬೀರುವಿಗೆ ಮಾಡುತ್ತಿದ್ದದ್ದು ಅದನ್ನೇ. ದೊಡ್ಡ ಪಂಜರವಾದರೆ ಚಕ್ರಗಳಿರಬೇಕು, ಅದು ಬಚ್ಚಲಿನ ಬಾಗಿಲಲ್ಲಿ ಹಿಡಿಸಬೇಕು. ಅಂಗಡಿಗೆ ಹೊರಡುವ ಮೊದಲೇ ಆ ಬಾಗಿಲಿನ ಅಳತೆ ತೆಗೆದುಕೊಳ್ಳಿ.

ಕೊನೆಯದಾಗಿ ಒಂದು ಕೋರಿಕೆ. ಹಕ್ಕಿಯನ್ನೂ ಪಂಜರವನ್ನೂ ಒಂದೇ ದಿನ ತರಬೇಡಿ. ಪಂಜರ ಮೊದಲು ಬರಲಿ. ಅದನ್ನು ಬಿಚ್ಚಿ, ತೊಳೆದು, ಬಿಸಿಲಿಗೆ ಒಣಗಿಸಿ, ಮತ್ತೆ ಜೋಡಿಸಿ ನೋಡಿ. ಆ ಕೆಲಸ ದಿನಾ ನಮ್ಮಿಂದಾಗುತ್ತದೆ ಎಂದು ಮನೆಯವರೆಲ್ಲ ಒಪ್ಪಿದ ಮೇಲೆ ಹಕ್ಕಿಯನ್ನು ಕರೆತನ್ನಿ.