ಕವಲಿಲ್ಲದ ಕೊಂಬಿನ ಎಳೆಯ ಜಿಂಕೆಯನ್ನು ಕೊಂದರೆ ಹಿಂಡು ಸುಧಾರಿಸುವುದೇ?

ಅಮೆರಿಕದ ಟೆಕ್ಸಾಸ್ ರಾಜ್ಯದ ಶೇ 90ಕ್ಕೂ ಹೆಚ್ಚು ಭೂಮಿ ಖಾಸಗಿಯವರ ಒಡೆತನದಲ್ಲಿದೆ. ದನ ಮೇಯಿಸುವ ವಿಶಾಲ ರ‍್ಯಾಂಚ್‌ಗಳ ಮಾಲೀಕರಿಗೆ ಇಂದು ಬಿಳಿಬಾಲದ ಜಿಂಕೆಯೂ ಒಂದು ಆದಾಯದ ಮೂಲ. ಬೇಟೆಯ ಋತುವಿನಲ್ಲಿ ಅವರು ತಮ್ಮ ನೆಲವನ್ನು ಬೇಟೆಗಾರರಿಗೆ ಗುತ್ತಿಗೆಗೆ ಕೊಡುತ್ತಾರೆ. ಗಂಡು ಜಿಂಕೆಯ ಕೊಂಬು ದೊಡ್ಡದಾದಷ್ಟೂ ಬೇಡಿಕೆ ಹೆಚ್ಚು. ಆದ್ದರಿಂದಲೇ ಹಿಂಡಿನ 'ಗುಣಮಟ್ಟ' ಹೆಚ್ಚಿಸುವ ಹಂಬಲ ಅಲ್ಲಿ ದಶಕಗಳಿಂದ ಬೇರೂರಿದೆ. ಅದಕ್ಕೆ ಅನೇಕರು ಕಂಡುಕೊಂಡ ಉಪಾಯವೆಂದರೆ, ಕೊಂಬು ಕವಲೊಡೆಯದ ಎಳೆಯ ಗಂಡುಗಳನ್ನು ಮೊದಲೇ ಗುಂಡಿಟ್ಟು ಕೊಲ್ಲುವುದು. ಕಳಪೆ ತಳಿ ಅಲ್ಲಿಗೇ ನಿಲ್ಲುತ್ತದೆ ಎಂಬುದು ಅವರ ತರ್ಕ.

ಈ ತರ್ಕದ ಸತ್ಯಾಸತ್ಯತೆಯನ್ನು ಅರಿಯಬೇಕಾದರೆ ಮೊದಲು ಕೊಂಬಿನ ಸ್ವರೂಪವನ್ನು ತಿಳಿಯಬೇಕು. ನಮ್ಮ ರಾಣೆಬೆನ್ನೂರಿನ ಕೃಷ್ಣಮೃಗದ ಕೊಂಬು ಒಮ್ಮೆ ಮೂಡಿದರೆ ಜೀವನಪರ್ಯಂತ ಉಳಿಯುತ್ತದೆ. ಬಂಡೀಪುರದ ಚುಕ್ಕೆ ಜಿಂಕೆಯ ಕೊಂಬು ಹಾಗಲ್ಲ. ಅದು ಉದುರಿ ಮತ್ತೆ ಹೊಸದಾಗಿ ಬೆಳೆಯುತ್ತದೆ. ಅಮೆರಿಕದ ಬಿಳಿಬಾಲದ ಜಿಂಕೆಯೂ ಈ ಎರಡನೆಯ ಬಗೆಯದು. ಪ್ರತಿ ವರ್ಷ ಅದರ ಕೊಂಬು ಬಿದ್ದುಹೋಗಿ, ವಸಂತ ಮತ್ತು ಬೇಸಿಗೆಯಲ್ಲಿ ಮತ್ತೆ ಮೂಡುತ್ತದೆ. ಒಂದೂವರೆ ವರ್ಷದ ಹೊತ್ತಿಗೆ ಗಂಡಿಗೆ ಮೊದಲ ಪೂರ್ಣ ಕೊಂಬು ಬಂದಿರುತ್ತದೆ. ಅದು ಕವಲಿಲ್ಲದೆ ಎರಡು ಕಡ್ಡಿಗಳಂತಿದ್ದರೆ ಆ ಜಿಂಕೆಗೆ 'ಸ್ಪೈಕ್' ಎಂದು ಹೆಸರು. ಆದರೆ ಕೊಂಬು ತನ್ನ ಪೂರ್ಣ ಗಾತ್ರವನ್ನು ಮುಟ್ಟುವುದು ಐದಾರು ವರ್ಷ ತುಂಬಿದ ನಂತರವೇ.

ಕೊಲ್ಲುವವರ ವಾದಕ್ಕೆ ವಿಜ್ಞಾನದ ಬೆಂಬಲ ಇರಲೇ ಇಲ್ಲವೆಂದು ಹೇಳುವಂತಿಲ್ಲ. ಟೆಕ್ಸಾಸ್‌ನ ಕೆರ್ ವನ್ಯಜೀವಿ ನಿರ್ವಹಣಾ ಕ್ಷೇತ್ರದಲ್ಲಿ 1974ರಿಂದ ಬೇಲಿಯೊಳಗೆ ಜಿಂಕೆಗಳನ್ನು ಸಾಕಿ ಅಧ್ಯಯನ ನಡೆಸಲಾಯಿತು. ಎಲ್ಲಕ್ಕೂ ಶೇ 16ರಷ್ಟು ಪ್ರೋಟೀನ್ ಇರುವ ಒಂದೇ ಆಹಾರ ಕೊಟ್ಟಾಗಲೂ, ಮೊದಲ ವರ್ಷ ಸ್ಪೈಕ್ ಆಗಿದ್ದ ಗಂಡುಗಳು ಮುಂದೆ ತಮ್ಮ ಓರಗೆಯ ಕವಲುಗೊಂಬಿನ ಗಂಡುಗಳಿಗಿಂತ ಹಿಂದೆ ಬಿದ್ದವು. ಕೊಂಬಿನ ಗುಣ ತಂದೆಯಿಂದ ಮಕ್ಕಳಿಗೆ ಸಾಗುತ್ತದೆ ಎಂದು ಸಂಶೋಧಕರು ತೀರ್ಮಾನಿಸಿದರು. ಇದಕ್ಕೆ ವ್ಯತಿರಿಕ್ತವಾಗಿ, ಮಿಸಿಸಿಪ್ಪಿಯಲ್ಲಿ ಸಾಕಿದ ಜಿಂಕೆಗಳ ವಂಶಾವಳಿಯನ್ನು ವಿಶ್ಲೇಷಿಸಿ 1998ರಲ್ಲಿ ಪ್ರಕಟವಾದ ಅಧ್ಯಯನ, ಮೊದಲ ವರ್ಷದ ಕೊಂಬಿನ ಮೇಲೆ ಆನುವಂಶಿಕತೆಯ ಪ್ರಭಾವ ತೀರಾ ಕಡಿಮೆ ಎಂದಿತು.

ಬೇಲಿಯೊಳಗಿನ ಮಾತು ಅಂತಿರಲಿ, ಬಯಲಿನಲ್ಲಿ ಪರಿಸ್ಥಿತಿ ಬೇರೆಯೇ. ಅಲ್ಲಿ ಎಲ್ಲ ಮರಿಗಳೂ ಒಂದೇ ಕಾಲಕ್ಕೆ ಹುಟ್ಟುವುದಿಲ್ಲ, ಒಂದೇ ಬಗೆಯ ಮೇವೂ ಸಿಗುವುದಿಲ್ಲ. ತಡವಾಗಿ ಹುಟ್ಟಿದ ಮರಿ, ಹಾಲು ಸಾಲದ ತಾಯಿಯ ಮರಿ, ಮಳೆ ಕೈಕೊಟ್ಟ ವರ್ಷದ ಮರಿ ಮೊದಲು ದೇಹವನ್ನು ಬೆಳೆಸಿಕೊಳ್ಳುತ್ತದೆ. ಮಿಕ್ಕಿದ್ದು ಮಾತ್ರ ಕೊಂಬಿಗೆ. ದಕ್ಷಿಣ ಟೆಕ್ಸಾಸ್‌ನ ಕಾಡು ಜಿಂಕೆಗಳನ್ನು ಹಿಡಿದು, ಗುರುತು ಹಾಕಿ ಬಿಟ್ಟು, ವರ್ಷಾನುಗಟ್ಟಲೆ ಹಿಂಬಾಲಿಸಿದ ಅಧ್ಯಯನವೊಂದು 2008ರಲ್ಲಿ ಪ್ರಕಟವಾಯಿತು. ನಾಲ್ಕೂವರೆ ವರ್ಷ ಆಗುವಷ್ಟರಲ್ಲಿ, ಕಳಪೆ ಆರಂಭ ಪಡೆದಿದ್ದ ಗಂಡುಗಳಿಗೂ ಉಳಿದವಕ್ಕೂ ಕೊಂಬಿನಲ್ಲಿ ಗಮನಾರ್ಹ ವ್ಯತ್ಯಾಸವೇ ಉಳಿದಿರಲಿಲ್ಲ. ಇದನ್ನು ಒಪ್ಪದ ಸಂಶೋಧಕರೂ ಇದ್ದಾರೆ. ಸ್ಪೈಕ್‌ಗಳು ಸ್ವಲ್ಪ ಹಿಂದೆಯೇ ಉಳಿಯುತ್ತವೆ ಎಂಬುದು ಅವರ ವಾದ.

ಆದರೆ ಮೂಲ ಪ್ರಶ್ನೆ ಒಂದು ಜಿಂಕೆಯದ್ದಲ್ಲ, ಇಡೀ ಹಿಂಡಿನದು. ಅದನ್ನು ಒರೆಗೆ ಹಚ್ಚಿದ್ದು ದಕ್ಷಿಣ ಟೆಕ್ಸಾಸ್‌ನ ಕಮಾಂಚಿ ರ‍್ಯಾಂಚ್‌ನ ಪ್ರಯೋಗ. ಕಿಂಗ್ಸ್‌ವಿಲ್‌ನ ಸೀಸರ್ ಕ್ಲೆಬರ್ಗ್ ವನ್ಯಜೀವಿ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು 2006ರಲ್ಲಿ ಇದನ್ನು ಆರಂಭಿಸಿದರು. ಹೆಲಿಕಾಪ್ಟರ್‌ನಿಂದ ಬಲೆ ಎಸೆದು ಗಂಡುಗಳನ್ನು ಹಿಡಿದು ಕೊಂಬನ್ನು ಅಳೆಯಲಾಯಿತು. ಒಂದು ಭಾಗದಲ್ಲಿ ವಯಸ್ಸಿಗೆ ತಕ್ಕ ಕೊಂಬಿಲ್ಲದ ಎಲ್ಲ ಗಂಡುಗಳನ್ನೂ ತೆಗೆದುಹಾಕಲಾಯಿತು. ಮತ್ತೊಂದು ಭಾಗದಲ್ಲಿ ಎಳೆಯ ಗಂಡುಗಳಿಗೆ ರಿಯಾಯಿತಿ ಇತ್ತು. ಮೂರನೆಯದರಲ್ಲಿ ಯಾವುದನ್ನೂ ಮುಟ್ಟಲಿಲ್ಲ.

ವರ್ಷಗಳ ಕಾಲ ಹೀಗೆ ಆರಿಸಿ ಕೊಂದರೂ ಹಿಂಡಿನ ಕೊಂಬು ದೊಡ್ಡದಾಗಲಿಲ್ಲ. ಬದಲಾಗಿ, ಕಟ್ಟುನಿಟ್ಟಾಗಿ ಕೊಂದ ಭಾಗದಲ್ಲಿ ಗಂಡುಗಳ ಸಂಖ್ಯೆಯೇ ಕುಸಿಯಿತು. ಬರಗಾಲದ ವರ್ಷದಲ್ಲಿ ಎಳೆಯ ಗಂಡುಗಳ ಬಹುಪಾಲು ಕಳಪೆ ಪಟ್ಟಿಗೆ ಸೇರುವುದರಿಂದ, ಒಂದು ವರ್ಷದ ಪೀಳಿಗೆಯೇ ಅಳಿಸಿಹೋಗುವ ಅಪಾಯವಿತ್ತು. ಗಂಡುಗಳು ಕಡಿಮೆಯಾದರೆ ಕೆಲವು ಹೆಣ್ಣುಗಳು ತಡವಾಗಿ ಗರ್ಭ ಧರಿಸುತ್ತವೆ, ಮರಿಗಳು ತಡವಾಗಿ ಹುಟ್ಟುತ್ತವೆ. ತಡವಾಗಿ ಹುಟ್ಟಿದ ಗಂಡು ಮರಿಯೇ ಮುಂದಿನ ವರ್ಷದ ಸ್ಪೈಕ್! ರೋಗಕ್ಕೆ ಕೊಟ್ಟ ಮದ್ದೇ ರೋಗವನ್ನು ಹೆಚ್ಚಿಸಿದಂತೆ.

ಇದಕ್ಕೆ ಕಾರಣವನ್ನು ನಮ್ಮ ರೈತರು ಸುಲಭವಾಗಿ ಗ್ರಹಿಸಬಲ್ಲರು. ದನದ ತಳಿ ಸುಧಾರಿಸುವವನು ಬೀಜದ ಹೋರಿಯನ್ನು ತಾನೇ ಆರಿಸುತ್ತಾನೆ, ಹಸುವಿನ ವಂಶವನ್ನೂ ನೋಡುತ್ತಾನೆ. ಕಾಡಿನಲ್ಲಿ ಈ ಹಿಡಿತವಿಲ್ಲ. ವಂಶವಾಹಿ ಪರೀಕ್ಷೆಗಳ ಪ್ರಕಾರ, ಒಂದೇ ಬಲಿಷ್ಠ ಗಂಡು ಹಿಂಡಿನ ಮರಿಗಳಿಗೆಲ್ಲ ತಂದೆಯಾಗುವುದಿಲ್ಲ. ಒಂದೂವರೆ ವರ್ಷದ ಗಂಡುಗಳೂ ಸೇರಿದಂತೆ ಅನೇಕ ಗಂಡುಗಳು ಒಂದೆರಡು ಮರಿಗಳಿಗೆ ತಂದೆಯಾಗುತ್ತವೆ. ಅಲ್ಲದೆ ಅರ್ಧ ವಂಶವಾಹಿ ಹೆಣ್ಣಿನದು. ಅದಕ್ಕೆ ಕೊಂಬೇ ಇಲ್ಲದಿರುವಾಗ ಆರಿಸುವುದಾದರೂ ಏನನ್ನು ನೋಡಿ?

ಹಾಗೆಂದು ಸ್ಪೈಕ್‌ಗಳನ್ನು ಎಂದೂ ಕೊಲ್ಲಬಾರದೆಂದಲ್ಲ. ಮೇವಿಗಿಂತ ಬಾಯಿಗಳೇ ಹೆಚ್ಚಾದ ಹಿಂಡಿನಲ್ಲಿ ಸಂಖ್ಯೆ ತಗ್ಗಿಸಲೇಬೇಕಾದಾಗ, ಅವುಗಳಿಂದ ಆರಂಭಿಸುವುದರಲ್ಲಿ ಅರ್ಥವಿದೆ. ಅದರ ಲಾಭ ಉಳಿದವಕ್ಕೆ ಸಿಗುವ ಮೇವಿನಿಂದ ಬರುತ್ತದೆಯೇ ಹೊರತು ತಳಿಶುದ್ಧಿಯಿಂದಲ್ಲ. ದೊಡ್ಡ ಕೊಂಬು ಬೇಕೆನ್ನುವವರು ಹುಲ್ಲುಗಾವಲನ್ನು ಕಾಪಾಡಬೇಕು, ಹಿಂಡಿನ ಗಾತ್ರವನ್ನು ಹತೋಟಿಯಲ್ಲಿಡಬೇಕು. ಎಲ್ಲಕ್ಕಿಂತ ಮಿಗಿಲಾಗಿ ಎಳೆಯ ಗಂಡುಗಳಿಗೆ ಇನ್ನೂ ಮೂರು-ನಾಲ್ಕು ವರ್ಷ ಬದುಕಲು ಅವಕಾಶ ಕೊಡಬೇಕು. ಮೊದಲ ವರ್ಷದ ಕೊಂಬು ಹೇಳುವುದು ಬಹುಮಟ್ಟಿಗೆ ಆ ವರ್ಷದ ಮಳೆ-ಬೆಳೆಯ ಕಥೆಯನ್ನೇ.